ಬಾಸ್ಟನ್ನಿನಲ್ಲೇ ಉಳಿದ ಆನಂದ ಕುಮಾರಸ್ವಾಮಿ

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲೆಂದು ಬಾಸ್ಟನ್ನಿಗೆ ಬರುವ ತಂದೆತಾಯಂದಿರು ಅಲ್ಲಿನ ಲಲಿತಕಲಾ ವಸ್ತುಸಂಗ್ರಹಾಲಯವನ್ನೂ ಒಮ್ಮೆ ಸುತ್ತಿ ಬರುವುದುಂಟು. ರಜಪೂತ ಚಿತ್ರಗಳು ಇಷ್ಟು ದೂರ ಬಂದುದು ಹೇಗೆಂಬ ಪ್ರಶ್ನೆ ಅಲ್ಲಿ ಏಳದಿರದು. ಅವುಗಳಲ್ಲಿ ದೊಡ್ಡ ಪಾಲು ಬಂದುದು ಆನಂದ ಕುಮಾರಸ್ವಾಮಿಯವರ ಸಂಗ್ರಹದಿಂದ.

ಅವರು ಹುಟ್ಟಿದ್ದು 1877ರ ಆಗಸ್ಟ್ 22ರಂದು, ಕೊಲಂಬೊದಲ್ಲಿ. ತಂದೆ ತಮಿಳು ಮನೆತನದ ಸರ್ ಮುತ್ತು ಕುಮಾರಸ್ವಾಮಿ, ತಾಯಿ ಇಂಗ್ಲೆಂಡಿನ ಎಲಿಜಬೆತ್. ಮಗುವಿಗೆ ಎರಡು ತುಂಬುವ ಮೊದಲೇ ತಂದೆ ತೀರಿಕೊಂಡರು, ಬೆಳೆದದ್ದು ಇಂಗ್ಲೆಂಡಿನಲ್ಲಿ. ಓದಿದ್ದು ಕಲೆಯಲ್ಲ, ಭೂವಿಜ್ಞಾನ. ಸಿಂಹಳದ ಖನಿಜ ಸಮೀಕ್ಷೆಯ ನಿರ್ದೇಶಕರಾಗಿ ಹಳ್ಳಿಗಳನ್ನು ಸುತ್ತುವಾಗ, ಅಗ್ಗದ ವಿದೇಶಿ ಸರಕಿನೆದುರು ನೇಕಾರರೂ ಲೋಹಕಾರರೂ ಕಸುಬು ಬಿಡುತ್ತಿರುವುದು ಅವರ ಕಣ್ಣಿಗೆ ಬಿತ್ತು. ಕಲ್ಲಿನ ಶಾಸ್ತ್ರ ಅಲ್ಲಿಗೆ ಹಿಂದೆ ಬಿದ್ದಿತು. 1908ರಲ್ಲಿ ಮಧ್ಯಯುಗದ ಸಿಂಹಳ ಕಲೆಯನ್ನು ಕುರಿತ ತಮ್ಮ ಗ್ರಂಥವನ್ನು ಅವರು ಅಚ್ಚು ಹಾಕಿಸಿದ್ದು ವಿಲಿಯಂ ಮಾರಿಸ್ ಬಳಸಿದ್ದ ಕೈಮುದ್ರಣ ಯಂತ್ರದಲ್ಲೇ.

ಮುಂದೆ ಉತ್ತರ ಭಾರತವನ್ನೆಲ್ಲ ಅಲೆದು ಚಿತ್ರಗಳನ್ನು ಕೂಡಿಹಾಕಿದರು. ರಜಪೂತ ಚಿತ್ರಕಲೆ ಮೊಗಲರ ಕಲೆಯ ನೆರಳಲ್ಲ, ಅದಕ್ಕೆ ತನ್ನದೇ ಬಾಳಿದೆಯೆಂದು 1916ರ ಗ್ರಂಥದಲ್ಲಿ ವಾದಿಸಿದರು. ಕಾಶಿಯಲ್ಲೊಂದು ರಾಷ್ಟ್ರೀಯ ಸಂಗ್ರಹಾಲಯ ಕಟ್ಟುವುದಾದರೆ ಎಲ್ಲವನ್ನೂ ಕೊಡುವೆನೆಂದರೂ ಯಾರೂ ಮುಂದೆ ಬರಲಿಲ್ಲ. 1917ರಲ್ಲಿ ಡೆನ್‌ಮನ್ ರಾಸ್ ಎಂಬ ಕಲಾಪ್ರೇಮಿಯ ನೆರವಿನಿಂದ ಸಂಗ್ರಹ ಬಾಸ್ಟನ್ನಿಗೆ ಸೇರಿತು. ಅದರ ಪಾಲಕರಾಗಿ ಅವರೂ ಅಲ್ಲಿಗೇ ಹೋದರು.

ಮೂವತ್ತು ವರ್ಷ ಅಲ್ಲೇ ಕುಳಿತು ಅವರು ಪ್ರಶ್ನಿಸಿದ್ದು ತಮಗೆ ಅನ್ನ ಕೊಡುತ್ತಿದ್ದ ಸಂಗ್ರಹಾಲಯವನ್ನೇ ಎಂಬುದು ನನಗೆ ಅವರ ಜೀವನದ ಅತಿ ಸ್ವಾರಸ್ಯದ ಸಂಗತಿ. ವಸ್ತು ಹುಟ್ಟುವುದು ಬಳಕೆಗೆ, ನೋಟಕ್ಕಲ್ಲ ಎಂಬುದು ಅವರ ನಿಲುವು. ದಕ್ಷಿಣದ ಕಂಚಿನ ಉತ್ಸವಮೂರ್ತಿಯನ್ನೇ ನೋಡಿ: ಪೀಠದ ರಂಧ್ರಗಳು ಹೊತ್ತು ಮೆರೆಸುವ ದಂಡಗಳಿಗಾಗಿ, ರೇಷ್ಮೆಯಲ್ಲೂ ಹೂವಿನಲ್ಲೂ ಮುಚ್ಚಿಹೋಗುವ ಮೈ ಗಾಜಿನ ಪೆಟ್ಟಿಗೆಯಲ್ಲಿ ಬರಿದಾಗಿ ನಿಂತಿದೆ. ಯಾರಿಗಾಗಿ, ಏತಕ್ಕಾಗಿ ಮಾಡಿದ್ದೆಂದು ಅರಿಯದೆ ಅದರ ಅಂದವನ್ನಷ್ಟೇ ಹೊಗಳುವುದು ಅವರ ಲೆಕ್ಕದಲ್ಲಿ ವಿಮರ್ಶೆಯಲ್ಲ. ಬದುಕಿರುವ ಕಲಾವಿದರ ಕೃತಿಗಳಿಗೆ ಸಂಗ್ರಹಾಲಯ ತಕ್ಕ ಜಾಗವಲ್ಲವೆಂದೂ 1943ರ ಪುಸ್ತಕದಲ್ಲಿ ವಾದಿಸಿದರು. ನಾಶದ ಭಯವಿರುವ ಹಳೆಯ ವಸ್ತುಗಳನ್ನು ಕಾಪಾಡುವುದೇ ಅದರ ಕೆಲಸ. ಕುರ್ಚಿಯ ವಿನ್ಯಾಸಕ್ಕೂ ಶಿಲ್ಪಕ್ಕೂ ನಡುವೆ ಗೋಡೆ ಎಬ್ಬಿಸುವುದು ಆಧುನಿಕ ಕಾಲದ ತಪ್ಪು ಎಂದೇ ಅವರು ಬಗೆದಿದ್ದರು.

ಅವರ ಮಾತನ್ನೆಲ್ಲ ಒಪ್ಪಬೇಕಾಗಿಲ್ಲ. ಹಳೆಯ ಕಸುಬುದಾರರ ಸಮಾಜವನ್ನು ಅವರು ಕಂಡದ್ದು ತುಸು ಹೆಚ್ಚೇ ಅಕ್ಕರೆಯಿಂದ. ಹುಟ್ಟಿನೊಂದಿಗೆ ಕಸುಬು ಅಂಟಿಕೊಂಡಾಗಿನ ಸಂಕಟಕ್ಕೆ ಅಲ್ಲಿ ಸಿಕ್ಕ ಜಾಗ ಕಡಿಮೆ.

ಭಾರತ ಸ್ವತಂತ್ರವಾದ ವಾರಕ್ಕೆ ಅವರಿಗೆ ಎಪ್ಪತ್ತು ತುಂಬಿತು. ಕೆಲಸದಿಂದ ನಿವೃತ್ತರಾಗಿ ಭಾರತಕ್ಕೆ ಹೋಗಿ ಹಿಮಾಲಯದ ತಪ್ಪಲಲ್ಲಿ ನೆಲೆಸುವ ಬಯಕೆಯಿತ್ತು. 1947ರ ಸೆಪ್ಟೆಂಬರ್ 9ರಂದು, ಬಾಸ್ಟನ್ನಿನ ಹತ್ತಿರದ ನೀಡಮ್ ಊರಿನ ಮನೆಯಲ್ಲಿ ಅವರು ತೀರಿಕೊಂಡರು. ಚಿತ್ರಗಳು ಈಗಲೂ ಬಾಸ್ಟನ್ನಿನಲ್ಲೇ ಇವೆ.