ಗೋಯಾ ಕಂಡ ಯುದ್ಧ

ನಮ್ಮ ಹೈಸ್ಕೂಲಿನ ಸಮಾಜ ಪಾಠದಲ್ಲಿ ನೆಪೋಲಿಯನ್ನನ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿ ಅಂಕ ಪಡೆದವರಲ್ಲಿ ನಾನೂ ಒಬ್ಬ. ಆ ಸೈನ್ಯ ಹಾದುಹೋದ ಊರುಗಳ ಜನರಿಗೆ ಏನಾಯಿತೆಂದು ನನಗೆ ತಿಳಿದದ್ದು, ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನೋಡಿದ ಫ್ರಾನ್ಸಿಸ್ಕೊ ಗೋಯಾನ ಚಿತ್ರಗಳಿಂದ.

ಗೋಯಾ ಹುಟ್ಟಿದ್ದು 1746ರಲ್ಲಿ, ಸ್ಪೇನಿನ ಸರಗೋಸ ನಗರದ ಸಮೀಪದ ಫ್ಯುಯೆಂದೆತೋದೊಸ್ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಚಿನ್ನದ ಲೇಪದ ಕೆಲಸಗಾರ. ಮಗ 1799ರಲ್ಲಿ ರಾಜನ ಪ್ರಧಾನ ಚಿತ್ರಕಾರನಾದ. ಅಷ್ಟರಲ್ಲಾಗಲೇ ಕಾಯಿಲೆಯೊಂದು ಅವನ ಕಿವಿಗಳನ್ನು ಕಿತ್ತುಕೊಂಡಿತ್ತು. 1808ರಲ್ಲಿ ಫ್ರೆಂಚ್ ಸೈನ್ಯದ ವಿರುದ್ಧ ಸ್ಪೇನ್ ದಂಗೆಯೆದ್ದಾಗ ಅವನಿಗೆ 62 ವರ್ಷ. ತೋಪಿನ ಸದ್ದು ಕೇಳದ ಮನುಷ್ಯ ಯುದ್ಧವನ್ನು ಕಣ್ಣಿನಿಂದಲೇ ಕಂಡ.

ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ ಅಚ್ಚು ತೆಗೆಯುವ ವಿದ್ಯೆ ಅವನದು. 1810ರಿಂದ ಸುಮಾರು ಹತ್ತು ವರ್ಷ ಹೀಗೆ 82 ಚಿತ್ರ ಮಾಡಿದ. ತಾಮ್ರಕ್ಕೆ ಬರ ಬಂದಾಗ ತನ್ನದೇ ಹಳೆಯ ನಿಸರ್ಗಚಿತ್ರದ ತಗಡನ್ನು ಎರಡು ತುಂಡು ಮಾಡಿ ಹಿಂಬದಿಯಲ್ಲಿ ಗೀರಿದ! ಬೆಟ್ಟ ಮರಗಳ ಬೆನ್ನಿಗೆ ಯುದ್ಧ ಬಂದು ಕೂತಿತು.

ಒಂದರಲ್ಲಿ ಸರಗೋಸದ ಹೆಣ್ಣುಮಗಳೊಬ್ಬಳು ಹೆಣಗಳ ಮೇಲೆ ನಿಂತು ತೋಪು ಹಾರಿಸುತ್ತಾಳೆ. ಬೇರೆ ಯಾರಾದರೂ ಅವಳ ಮುಖವನ್ನು ದೇವತೆಯಂತೆ ಬರೆಯುತ್ತಿದ್ದರೇನೋ. ಗೋಯಾ ಅವಳ ಬೆನ್ನನ್ನಷ್ಟೇ ತೋರಿಸಿದ. ಇನ್ನೊಂದರಲ್ಲಿ ಮರಕ್ಕೆ ಕಟ್ಟಿದ ತುಂಡು ದೇಹಗಳು. ಅವು ಯಾವ ಪಕ್ಷದವರವೆಂದು ಹೇಳಲು ಮೈಮೇಲೆ ಬಟ್ಟೆಯೂ ಇಲ್ಲ. ಶತ್ರುಗಳ ಕ್ರೌರ್ಯವನ್ನಷ್ಟೇ ಬರೆದು ಚಪ್ಪಾಳೆ ಗಿಟ್ಟಿಸಬಹುದಿತ್ತು. ಆದರೆ ಸೈನಿಕನ ಮೇಲೆ ಕೊಡಲಿ ಎತ್ತಿದ ಸ್ಪೇನಿನವನೂ ಅಲ್ಲಿದ್ದಾನೆ. ನನಗೆ ಅವನು ದೊಡ್ಡವನಾಗಿ ಕಾಣುವುದು ಇಲ್ಲೇ. ಮ್ಯಾಡ್ರಿಡ್ಡಿನ 1811–12ರ ಬರಗಾಲದ ಚಿತ್ರಗಳಲ್ಲಂತೂ ಬಂದೂಕೇ ಬೇಕಾಗಿಲ್ಲ, ಹಸಿವೇ ಕೊಲ್ಲುತ್ತದೆ.

ಅವನೇನೂ ಕಳಂಕವಿಲ್ಲದ ವೀರನಲ್ಲ. ನೆಪೋಲಿಯನ್ನನ ಅಣ್ಣ ರಾಜನಾಗಿದ್ದಾಗ ಅವನಿಂದ ಪದಕ ಪಡೆದವನು. ಯುದ್ಧ ಮುಗಿದ ಮೇಲೆ ಅದಕ್ಕಾಗಿ ವಿಚಾರಣೆ ಎದುರಿಸಿ ಪಾರಾದ. ಅದೇ 1814ರಲ್ಲಿ, ಮೇ 3ರ ಸಾಮೂಹಿಕ ಹತ್ಯೆಯ ಪ್ರಸಿದ್ಧ ವರ್ಣಚಿತ್ರವನ್ನೂ ಬರೆದ. ಅದರಲ್ಲಿ ಬಂದೂಕು ಹಿಡಿದವರಿಗೆ ಮುಖವಿಲ್ಲ. ಸಾಯುವವನಿಗೆ ಬಿಳಿ ಅಂಗಿ, ಚಾಚಿದ ಎರಡು ಕೈ. ನೆಲದ ಲಾಟೀನಿನ ಬೆಳಕೆಲ್ಲ ಅವನ ಮೇಲೇ.

ಮರಳಿ ಬಂದ ರಾಜ ಏಳನೆಯ ಫರ್ಡಿನಾಂಡ್ ಸಂವಿಧಾನವನ್ನೇ ರದ್ದು ಮಾಡಿದ. ಅಂಥ ಆಳ್ವಿಕೆಯಲ್ಲಿ ತಾಮ್ರದ ಚಿತ್ರಗಳನ್ನು ಹೊರಗೆ ತರುವುದು ಹೇಗೆ? 1824ರಲ್ಲಿ ಗೋಯಾ ಫ್ರಾನ್ಸಿಗೆ ಹೋದ. 1828ರಲ್ಲಿ ಬೋರ್ಡೋ ನಗರದಲ್ಲಿ ತೀರಿಕೊಂಡ. ಆ ಚಿತ್ರಗಳಲ್ಲಿ 80 ಮೊದಲ ಸಲ ಅಚ್ಚಾಗಿ ಜನರ ಕೈಸೇರಿದ್ದು 1863ರಲ್ಲಿ, ಅವನು ಸತ್ತು 35 ವರ್ಷಗಳಾದ ಮೇಲೆ.