ಸೌಂದರ್ಯ: ತೆಲುಗಿನಲ್ಲಿ ಮೂರು ನಂದಿ, ಕನ್ನಡದಲ್ಲಿ ಸ್ವರ್ಣ ಕಮಲ, ಕೈಗೆಟುಕದೇ ಹೋದ ಪ್ರಶಸ್ತಿ ಯಾವುದು ಗೊತ್ತೇ?

ನಟಿ ಸೌಂದರ್ಯ ನಮ್ಮನ್ನಗಲಿ ಎರಡು ದಶಕಗಳೇ ಕಳೆದಿವೆ. ಆದರೂ ಟಿವಿಯಲ್ಲಿ ‘ಆಪ್ತಮಿತ್ರ’ ಬಂದರೆ ರಿಮೋಟ್ ಕೆಳಗಿಡುವವರು ಇಂದಿಗೂ ಇದ್ದಾರೆ. ಹಿಂದಿ ಚಾನೆಲ್‌ನಲ್ಲಿ ಲೆಕ್ಕವಿಲ್ಲದಷ್ಟು ಬಾರಿ ಮರುಪ್ರಸಾರವಾದ ‘ಸೂರ್ಯವಂಶಂ’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅವರ ಪತ್ನಿಯಾಗಿ ಕಾಣಿಸಿಕೊಂಡಾಕೆ ಕೋಲಾರ ಜಿಲ್ಲೆಯ ಹುಡುಗಿ ಎಂಬುದು ಉತ್ತರ ಭಾರತದ ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಹನ್ನೆರಡು ವರ್ಷಗಳ ವೃತ್ತಿಜೀವನ, ಐದು ಭಾಷೆಗಳು, 100ಕ್ಕೂ ಹೆಚ್ಚು ಚಿತ್ರಗಳು. ಇಷ್ಟರಲ್ಲಿ ಅವರು ಗಳಿಸಿದ ಪ್ರಶಸ್ತಿಗಳ ಪಟ್ಟಿಯನ್ನು ಒಮ್ಮೆ ಗಮನವಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನಟನೆಗೆ ಬಂದ ಪ್ರಶಸ್ತಿಗಳಲ್ಲಿ ಹೆಚ್ಚಿನವು ತೆಲುಗು ಚಿತ್ರಗಳಿಗೆ. ಆದರೆ ದೇಶದ ಅತಿ ದೊಡ್ಡ ಚಲನಚಿತ್ರ ಪ್ರಶಸ್ತಿ ಅವರಿಗೆ ಸಿಕ್ಕಿದ್ದು ಕನ್ನಡ ಚಿತ್ರಕ್ಕೆ, ಅದೂ ನಟಿಯಾಗಿ ಅಲ್ಲ, ನಿರ್ಮಾಪಕಿಯಾಗಿ!

ವೈದ್ಯೆಯಾಗಬೇಕಿದ್ದ ಸೌಮ್ಯಾ

ಅವರ ಹುಟ್ಟುಹೆಸರು ಸೌಮ್ಯಾ. ಊರು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ. ತಂದೆ ಕೆ.ಎಸ್. ಸತ್ಯನಾರಾಯಣ ಕನ್ನಡ ಚಿತ್ರರಂಗದಲ್ಲಿ ಬರಹಗಾರರಾಗಿ, ನಿರ್ಮಾಪಕರಾಗಿ ದುಡಿದವರು. ಮನೆಯಲ್ಲಿ ಸಿನಿಮಾ ವಾತಾವರಣವಿದ್ದರೂ ಮಗಳು ಸೇರಿದ್ದು ಎಂಬಿಬಿಎಸ್‌ಗೆ. ಮೊದಲ ವರ್ಷದಲ್ಲೇ ಬಣ್ಣದ ಲೋಕ ಕರೆಯಿತು, ಓದು ಅಲ್ಲಿಗೇ ನಿಂತಿತು. 1992ರಲ್ಲಿ ‘ಗಂಧರ್ವ’, ‘ಬಾ ನನ್ನ ಪ್ರೀತಿಸು’ ಚಿತ್ರಗಳ ಮೂಲಕ ಕನ್ನಡ ಪ್ರೇಕ್ಷಕರಿಗೆ ಪರಿಚಯವಾದರು.

ಮರುವರ್ಷವೇ ‘ಮನವರಾಲಿ ಪೆಳ್ಳಿ’ ಚಿತ್ರದೊಂದಿಗೆ ತೆಲುಗಿಗೆ ಹೋದರು. ಆಮೇಲೆ ಹೈದರಾಬಾದ್ ಅವರನ್ನು ಬಿಟ್ಟುಕೊಡಲಿಲ್ಲ. ವೆಂಕಟೇಶ್ ಜೊತೆಗೆ ‘ಇಂಟ್ಲೋ ಇಲ್ಲಾಲು ವಂಟಿಂಟ್ಲೋ ಪ್ರಿಯುರಾಲು’, ‘ಪೆಳ್ಳಿ ಚೇಸುಕುಂದಾಂ’, ‘ಜಯಂ ಮನದೇ ರಾ’ ಹೀಗೆ ಸಾಲು ಸಾಲು ಚಿತ್ರಗಳು ಬಂದವು. ಈ ಜೋಡಿಗೆ ಅಲ್ಲಿ ಈಗಲೂ ಅಭಿಮಾನಿಗಳಿದ್ದಾರೆ. ಮೈತುಂಬ ಸೀರೆಯುಟ್ಟು ಅಭಿನಯವನ್ನೇ ನಂಬಿದ ಈ ನಾಯಕಿಯನ್ನು ತೆಲುಗು ಪತ್ರಿಕೆಗಳು ಆಧುನಿಕ ಸಾವಿತ್ರಿ ಎಂದೇ ಕರೆದವು. ತೆಲುಗಿನವರು ಸಾವಿತ್ರಿ ಹೆಸರನ್ನು ಸುಮ್ಮನೆ ಯಾರಿಗೂ ಕೊಡುವುದಿಲ್ಲ. ಹೊರಭಾಷೆಯಿಂದ ಬಂದ ನಟಿಗೆ ಅದು ಸಿಕ್ಕಿದ್ದು ಯಾವ ಟ್ರೋಫಿಗೂ ಕಡಿಮೆಯಲ್ಲ.

ಬಾಲಾನಗರದ ಬೋನಾಲು ಮತ್ತು ‘ಅಮ್ಮೋರು’

ಹೈದರಾಬಾದ್‌ನ ಬಾಲಾನಗರವನ್ನು ನೋಡಿದವರಿಗೆ ಗೊತ್ತು, ಅದು ಕಾರ್ಖಾನೆಗಳ ಬಡಾವಣೆ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಒಂದು ಘಟಕವೂ ಅಲ್ಲಿದೆ. ಆಷಾಢ ಬಂತೆಂದರೆ ನಗರದ ಉಳಿದೆಡೆಯಂತೆ ಅಲ್ಲೂ ಬೋನಾಲು ಹಬ್ಬ. ಹೆಂಗಸರು ಬೇವಿನ ಸೊಪ್ಪು ಕಟ್ಟಿದ ಮಡಕೆಯನ್ನು ತಲೆಯ ಮೇಲೆ ಹೊತ್ತು ಅಮ್ಮನವರ ಗುಡಿಗೆ ಹೋಗುತ್ತಾರೆ. ನಮ್ಮಲ್ಲಿ ಮಾರಮ್ಮ, ಎಲ್ಲಮ್ಮ ಇದ್ದಂತೆ ಅವರಿಗೆ ಅಮ್ಮೋರು. 1995ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದಲ್ಲಿ ತೆರೆಕಂಡ ‘ಅಮ್ಮೋರು’ ಇಂಥ ಭಕ್ತರ ಸಿನಿಮಾ.

ಚಿತ್ರಕ್ಕೆ ಹಿಡಿದ ಕಾಲ ಬಹಳ. ಗ್ರಾಫಿಕ್ಸ್ ಆಗಷ್ಟೇ ಕಣ್ಣು ಬಿಡುತ್ತಿದ್ದ ಹೊತ್ತಿನಲ್ಲಿ ನಿರ್ಮಾಪಕ ಶ್ಯಾಮ್ ಪ್ರಸಾದ್ ರೆಡ್ಡಿ ಅದಕ್ಕೆ ಕೈಹಾಕಿದ್ದರು. ದೇವಿಯಾಗಿ ರಮ್ಯಕೃಷ್ಣ, ಅತ್ತೆ ಮನೆಯವರ ಹಿಂಸೆ ಸಹಿಸುತ್ತ ದೇವಿಯನ್ನೇ ನಂಬಿದ ಭವಾನಿಯಾಗಿ ಸೌಂದರ್ಯ. ಗ್ರಾಫಿಕ್ಸ್ ನೋಡಲು ಬಂದ ಜನ ಭವಾನಿಗಾಗಿ ಅತ್ತು ಹೋದರು. ತಂತ್ರಜ್ಞಾನವೇ ಹೀರೋ ಆಗಿದ್ದ ಚಿತ್ರದಲ್ಲಿ ಬರೀ ಮುಖಭಾವದಿಂದ ನಿಲ್ಲುವುದು ಸಣ್ಣ ಮಾತಲ್ಲ. ಫಿಲ್ಮ್‌ಫೇರ್ ದಕ್ಷಿಣ ಪ್ರಶಸ್ತಿ ಬಂತು, ಆಂಧ್ರಪ್ರದೇಶ ಸರ್ಕಾರದ ನಂದಿಯೂ ಬಂತು.

ಎರಡನೇ ನಂದಿ ‘ಪವಿತ್ರ ಬಂಧಂ’ (1996) ಚಿತ್ರಕ್ಕೆ. ಒಂದು ವರ್ಷದ ಒಪ್ಪಂದದ ಮೇಲೆ ಮದುವೆಯಾಗುವ ಹೆಣ್ಣಿನ ಪಾತ್ರ ಅದು. ಇವತ್ತು ಆ ಕಥೆ ನೋಡಿದರೆ ತಕರಾರು ತೆಗೆಯಲು ಬೇಕಾದಷ್ಟಿದೆ, ಆದರೆ ಸೌಂದರ್ಯ ಅಭಿನಯದಲ್ಲಿ ಅಲ್ಲ.

ಮೂರನೆಯದು ‘ಅಂತಃಪುರಂ’ (1998). ಇದನ್ನು ನೋಡಿರದ ಕನ್ನಡಿಗರು ಒಮ್ಮೆ ನೋಡಲೇಬೇಕು. ಕೃಷ್ಣವಂಶಿ ನಿರ್ದೇಶನ. ವಿದೇಶದಲ್ಲಿ ನೆಲೆಸಿದ ಯುವತಿ ಗಂಡನ ಜೊತೆ ರಾಯಲಸೀಮೆಯ ಹಳ್ಳಿಗೆ ಬರುತ್ತಾಳೆ. ಅಲ್ಲಿನ ದ್ವೇಷ ಗಂಡನನ್ನು ನುಂಗುತ್ತದೆ. ಮಗುವನ್ನು ಎತ್ತಿಕೊಂಡು ಆ ಕೋಟೆಯಂಥ ಮನೆಯಿಂದ ತಪ್ಪಿಸಿಕೊಳ್ಳುವುದೇ ಉಳಿದ ಕಥೆ. ಸೊಸೆಯನ್ನು ತಡೆಯುವ ಮಾವನಾಗಿ ಪ್ರಕಾಶ್ ರಾಜ್, ಗಂಡನಾಗಿ ಸಾಯಿಕುಮಾರ್. ಕನ್ನಡಿಗರಿಗೆ ಚಿರಪರಿಚಿತವಾದ ಮೂರು ಮುಖಗಳು ಒಂದೇ ತೆಲುಗು ಚಿತ್ರದಲ್ಲಿ! ಪ್ರಕಾಶ್ ರಾಜ್ ಅವರಿಗೆ ರಾಷ್ಟ್ರಪ್ರಶಸ್ತಿ ಸಮಿತಿಯ ವಿಶೇಷ ಉಲ್ಲೇಖ ದಕ್ಕಿತು. ಜಗಪತಿ ಬಾಬು ಅವರಿಗೆ ನಂದಿ. ಸೌಂದರ್ಯ ಅವರಿಗೆ ನಂದಿ ಮತ್ತು ಫಿಲ್ಮ್‌ಫೇರ್ ಎರಡೂ. ಇದೇ ಕಥೆ ಮುಂದೆ ‘ಶಕ್ತಿ’ ಹೆಸರಿನಲ್ಲಿ ಹಿಂದಿಗೆ ಹೋದಾಗ ಆ ಪಾತ್ರ ಮಾಡಿದವರು ಕರಿಷ್ಮಾ ಕಪೂರ್. 1999ರ ‘ರಾಜಾ’ ಚಿತ್ರಕ್ಕೂ ಸೌಂದರ್ಯ ಫಿಲ್ಮ್‌ಫೇರ್ ಗೆದ್ದರು.

ಇಲ್ಲೊಂದು ಮಾತು ಹೇಳಬೇಕು. ಹಲವು ತೆಲುಗು ಚಿತ್ರಗಳಲ್ಲಿ ತೆರೆಯ ಮೇಲೆ ಕೇಳುವುದು ಸೌಂದರ್ಯ ದನಿಯಲ್ಲ. ಅವರಿಗೆ ಕಂಠದಾನ ಮಾಡಿದವರಲ್ಲಿ ಪ್ರಮುಖರು ನಟಿ ಸರಿತಾ. ಹಾಗಾಗಿ ಆ ಗೆಲುವುಗಳಲ್ಲಿ ದನಿ ಕೊಟ್ಟವರ ಪಾಲೂ ಇದೆ. ಬೇರೆಯವರ ದನಿಗೆ ತಕ್ಕಂತೆ ತುಟಿ, ಕಣ್ಣು, ಉಸಿರು ಹೊಂದಬೇಕಾದರೆ ನಟಿಯ ಮುಖ ಎಷ್ಟು ನಿಖರವಾಗಿರಬೇಕು ಎಂಬುದನ್ನೂ ಯೋಚಿಸಬೇಕು.

ತವರಿಗೆ ಮರಳಿದ ನಟಿ

ತೆಲುಗಿನಲ್ಲಿ ಬಿಡುವಿಲ್ಲದಿದ್ದರೂ ಕನ್ನಡವನ್ನು ಅವರು ಪೂರ್ತಿ ಬಿಡಲಿಲ್ಲ. ರವಿಚಂದ್ರನ್ ಜೊತೆ ‘ಸಿಪಾಯಿ’ ಬಂತು. 1998ರಲ್ಲಿ ರಾಜೇಂದ್ರ ಸಿಂಗ್ ಬಾಬು ನಿರ್ದೇಶನದ ‘ದೋಣಿ ಸಾಗಲಿ’ ಚಿತ್ರಕ್ಕೆ ಕರ್ನಾಟಕ ರಾಜ್ಯ ಪ್ರಶಸ್ತಿ ಸಿಕ್ಕಿತು. 1999ರಲ್ಲಿ ತಮಿಳಿನಲ್ಲಿ ರಜನಿಕಾಂತ್ ಜೊತೆ ‘ಪಡೆಯಪ್ಪ’, ಹಿಂದಿಯಲ್ಲಿ ‘ಸೂರ್ಯವಂಶಂ’. ದಕ್ಷಿಣದ ಯಾವ ನಿರ್ಮಾಪಕರೂ ಕಾಲ್‌ಶೀಟ್‌ಗಾಗಿ ಕಾಯುವಂಥ ಸ್ಥಾನ.

ಆ ಎತ್ತರದಲ್ಲಿ ಇದ್ದಾಗ ಅವರು ಮಾಡಿದ್ದೇನು ಗೊತ್ತೇ? ಹಾಡಿಲ್ಲದ, ಫೈಟ್ ಇಲ್ಲದ, ಹಣ ವಾಪಸ್ ಬರುವ ಖಾತ್ರಿಯೂ ಇಲ್ಲದ ಒಂದು ಕನ್ನಡ ಚಿತ್ರಕ್ಕೆ ಬಂಡವಾಳ ಹೂಡಿದರು. ಅದು ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ದ್ವೀಪ’.

ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ ಚಿತ್ರ. ಶರಾವತಿ ಯೋಜನೆಯ ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದ ಲೇಖಕರು ಅವರು. ಅಣೆಕಟ್ಟೆಯ ನೀರು ಏರುತ್ತಿದೆ, ಊರು ಖಾಲಿಯಾಗಿದೆ. ಸೀತಾಪರ್ವತದ ಮೇಲೆ ಉಳಿದಿರುವುದು ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ದುಗ್ಗಜ್ಜನಾಗಿ ಎಂ.ವಿ. ವಾಸುದೇವರಾವ್, ಗಣಪನಾಗಿ ಅವಿನಾಶ್, ನಾಗಿಯಾಗಿ ಸೌಂದರ್ಯ. ಚಿತ್ರದುದ್ದಕ್ಕೂ ಮಳೆ. ಮೇಕಪ್ಪಿನ ಹೊಳಪಿಲ್ಲ, ಒದ್ದೆ ಸೀರೆ, ಕೆಸರು, ಒಲೆಯ ಹೊಗೆ. ಹೈದರಾಬಾದ್‌ನ ಸ್ಟಾರ್ ನಟಿ ಇವರೇನಾ ಎನಿಸುತ್ತದೆ. ಆ ಮನೆ ಉಳಿಯುವುದೇ ನಾಗಿಯ ದುಡಿಮೆಯಿಂದ, ಅವಳ ಧೈರ್ಯದಿಂದ. ಆದರೆ ಕೊನೆಗೆ ಗಂಡ ಅದರ ಶ್ರೇಯಸ್ಸನ್ನೆಲ್ಲ ದೇವರಿಗೆ ಕೊಟ್ಟುಬಿಡುತ್ತಾನೆ. ಆಗ ನಾಗಿ ಏನೂ ಹೇಳುವುದಿಲ್ಲ. ಸೌಂದರ್ಯ ಅವರ ಇಡೀ ವೃತ್ತಿಜೀವನದ ಅತ್ಯುತ್ತಮ ಅಭಿನಯ ಆ ಮೌನದಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಶೋಭನಾ ಮತ್ತು ಸೌಂದರ್ಯ: ಎರಡು ಸಲ ಕೂಡಿದ ಕಾಕತಾಳೀಯ

2001ರ ಸಾಲಿನ 49ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ‘ದ್ವೀಪ’ ದೇಶದ ಅತ್ಯುತ್ತಮ ಕಥಾಚಿತ್ರವಾಯಿತು. ಆ ಪ್ರಶಸ್ತಿಯ ಸ್ವರ್ಣ ಕಮಲ ನಿರ್ದೇಶಕ, ನಿರ್ಮಾಪಕ ಇಬ್ಬರಿಗೂ ಸಲ್ಲುತ್ತದೆ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’ ನಂತರ ಕಾಸರವಳ್ಳಿ ಅವರಿಗೆ ಅದು ನಾಲ್ಕನೆಯದು. ನಿರ್ಮಾಪಕಿ ಸೌಂದರ್ಯ ಅವರಿಗೆ ಮೊದಲನೆಯದು. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಅತ್ಯುತ್ತಮ ನಟಿ? ಆ ವರ್ಷ ಅದನ್ನು ಹಂಚಿಕೊಂಡವರು ‘ಚಾಂದನಿ ಬಾರ್’ ಚಿತ್ರದ ಟಬು ಮತ್ತು ‘ಮಿತ್ರ್, ಮೈ ಫ್ರೆಂಡ್’ ಚಿತ್ರದ ಶೋಭನಾ. ರಾಷ್ಟ್ರಪ್ರಶಸ್ತಿಯಲ್ಲಿ ನಾಮನಿರ್ದೇಶಿತರ ಪಟ್ಟಿ ಪ್ರಕಟಿಸುವ ಪದ್ಧತಿ ಇರಲಿಲ್ಲ. ಸಮಿತಿ ಗೆದ್ದವರ ಹೆಸರನ್ನಷ್ಟೇ ಹೇಳುತ್ತಿತ್ತು. ಹೀಗಾಗಿ ನಾಗಿಯ ಪಾತ್ರ ಅಂತಿಮ ಸುತ್ತಿಗೆ ಎಷ್ಟು ಹತ್ತಿರ ಬಂದಿತ್ತು ಎಂಬುದು ದಾಖಲೆಯಲ್ಲಿ ಉಳಿಯಲಿಲ್ಲ. ಟಬು, ಶೋಭನಾ ಇಬ್ಬರೂ ಅರ್ಹರೇ, ಅನುಮಾನವಿಲ್ಲ. ಆದರೂ ಮೂರನೆಯವರಿಗೂ ಜಾಗ ಮಾಡಬಹುದಿತ್ತಲ್ಲ ಎಂದು ಕನ್ನಡಿಗರಿಗೆ ಅನಿಸಿದರೆ ತಪ್ಪೇನಿಲ್ಲ. ರಾಜ್ಯ ಪ್ರಶಸ್ತಿ ಮತ್ತು ಫಿಲ್ಮ್‌ಫೇರ್ ಮಾತ್ರ ‘ದ್ವೀಪ’ದ ನಟಿಯನ್ನು ಗುರುತಿಸಿದವು.

ಮತ್ತೊಂದು ಕಾಕತಾಳೀಯ ನೋಡಿ. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ನಲ್ಲಿ ಗಂಗಾ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಗೆದ್ದಿದ್ದೂ ಇದೇ ಶೋಭನಾ. ಅದೇ ಕಥೆ ಪಿ. ವಾಸು ನಿರ್ದೇಶನ, ದ್ವಾರಕೀಶ್ ನಿರ್ಮಾಣದಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ಬಂದಾಗ ಗಂಗಾ ಆದವರು ಸೌಂದರ್ಯ. ಎದುರಿಗೆ ವಿಷ್ಣುವರ್ಧನ್. ಮುಗ್ಧ ಗೃಹಿಣಿ ಕ್ಷಣಾರ್ಧದಲ್ಲಿ ನಾಗವಲ್ಲಿಯಾಗುವ ಆ ದೃಶ್ಯಗಳನ್ನು ವಿವರಿಸುವ ಅಗತ್ಯವಿಲ್ಲ, ಕನ್ನಡದ ಮಕ್ಕಳಿಗೂ ಬಾಯಿಪಾಠ.

ಆ ಗೆಲುವನ್ನು ನೋಡಲು ಅವರೇ ಇರಲಿಲ್ಲ

2003ರ ಏಪ್ರಿಲ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರೊಂದಿಗೆ ಸೌಂದರ್ಯ ಮದುವೆಯಾಯಿತು. ಮೊದಲ ವಾರ್ಷಿಕೋತ್ಸವಕ್ಕೆ ಇನ್ನೂ ಹತ್ತು ದಿನ ಇತ್ತು. 2004ರ ಏಪ್ರಿಲ್ 17ರಂದು ಲೋಕಸಭಾ ಚುನಾವಣೆಯ ಪ್ರಚಾರಕ್ಕಾಗಿ ಬಿಜೆಪಿ ಪರವಾಗಿ ಕರೀಂನಗರಕ್ಕೆ ಹೊರಟಿದ್ದರು. ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಪುಟ್ಟ ವಿಮಾನ ಕೆಲವೇ ಕ್ಷಣಗಳಲ್ಲಿ ಜಿಕೆವಿಕೆ ಆವರಣದಲ್ಲಿ ನೆಲಕ್ಕಪ್ಪಳಿಸಿ ಹೊತ್ತಿ ಉರಿಯಿತು. ಸೌಂದರ್ಯ, ಅಣ್ಣ ಅಮರನಾಥ್, ಪೈಲಟ್ ಸೇರಿ ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ಸೌಂದರ್ಯ ಅವರಿಗೆ ಆಗ 31 ವರ್ಷ.

‘ಆಪ್ತಮಿತ್ರ’ ತೆರೆಗೆ ಬಂದಿದ್ದು ಅದಾಗಿ ನಾಲ್ಕು ತಿಂಗಳ ಮೇಲೆ, ಆಗಸ್ಟ್‌ನಲ್ಲಿ. ವರ್ಷಗಟ್ಟಲೆ ಓಡಿತು. ಆ ಸಾಲಿನ ಫಿಲ್ಮ್‌ಫೇರ್ ಅತ್ಯುತ್ತಮ ಕನ್ನಡ ನಟಿ ಪ್ರಶಸ್ತಿ ಸೌಂದರ್ಯ ಅವರಿಗೇ ಬಂತು, ಮರಣೋತ್ತರವಾಗಿ. ಅದೇ ವರ್ಷದ ಚಿತ್ರಗಳಿಗೆ ಕೊಟ್ಟ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ನಟಿ ಕನ್ನಡದವರೇ. ಕಾಸರವಳ್ಳಿ ಅವರ ‘ಹಸೀನಾ’ ಚಿತ್ರಕ್ಕಾಗಿ ತಾರಾ. ನಂತರ ‘ಗುಲಾಬಿ ಟಾಕೀಸ್’ಗಾಗಿ ಉಮಾಶ್ರೀ ಗೆದ್ದರು. ಅದೂ ಕಾಸರವಳ್ಳಿ ಚಿತ್ರವೇ. ಅವರ ಕ್ಯಾಮೆರಾ ಮುಂದೆ ಇನ್ನೊಮ್ಮೆ ನಿಲ್ಲುವ ಅವಕಾಶ ಸೌಂದರ್ಯ ಅವರಿಗೆ ಸಿಗಲೇ ಇಲ್ಲ.

ಸಾಯುವ ಹೊತ್ತಿಗೆ ತೆಲುಗಿನಲ್ಲಿ ಬಾಲಕೃಷ್ಣ ನಿರ್ದೇಶಿಸಿ ನಟಿಸುತ್ತಿದ್ದ ‘ನರ್ತನಶಾಲ’ದಲ್ಲಿ ಅವರದು ದ್ರೌಪದಿಯ ಪಾತ್ರ. ಚಿತ್ರೀಕರಣ ಆಗಷ್ಟೇ ಶುರುವಾಗಿತ್ತು. ಅವರಿಲ್ಲದೆ ಚಿತ್ರ ಮುಂದುವರಿಯಲಿಲ್ಲ. ಚಿತ್ರೀಕರಿಸಿದ್ದ ಕೆಲವೇ ನಿಮಿಷಗಳ ದೃಶ್ಯಗಳು 16 ವರ್ಷಗಳ ಬಳಿಕ, 2020ರ ದಸರಾ ಹೊತ್ತಿಗೆ ಒಟಿಟಿಯಲ್ಲಿ ಬಿಡುಗಡೆಯಾದವು.