ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ (1892–1964)

ಹಾಲ್ಡೇನ್‌ರವರು 1892ರ ನವೆಂಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜನಿಸಿದರು. ನಿಸರ್ಗದ ಆಯ್ಕೆಯು ಜನಸಮುದಾಯಗಳಲ್ಲಿ ವಂಶವಾಹಿಗಳ ಪ್ರಮಾಣವನ್ನು ಬದಲಿಸುವ ಬಗೆಯನ್ನು ಇವರು ಗಣಿತದ ಮೂಲಕ ನಿರೂಪಿಸಿದರು. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯು ಮಲೇರಿಯಾಪೀಡಿತ ಪ್ರದೇಶಗಳಲ್ಲಿ ಹೆಚ್ಚಾಗಿರಲು, ಅದರ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುವುದೇ ಕಾರಣವಿರಬಹುದೆಂದು 1949ರಲ್ಲಿ ಸೂಚಿಸಿದರು. ನಂತರದ ಸಂಶೋಧನೆಗಳು ಇದನ್ನು ಸಮರ್ಥಿಸಿದವು.

1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಇವರು ಕಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿ, ಭಾರತದ ಪೌರತ್ವವನ್ನೂ ಪಡೆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ನಿಧನರಾದರು. ಇವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ನೀಡಲಾಯಿತು.

ಥಲಸ್ಸೇಮಿಯಾ ವಾಹಕರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ಆದರೆ ತಂದೆ-ತಾಯಿ ಇಬ್ಬರೂ ವಾಹಕರಾಗಿದ್ದಲ್ಲಿ ಪ್ರತಿ ಮಗುವಿಗೂ ಈ ಕಾಯಿಲೆ ಬರುವ ಸಂಭವ ಶೇ. 25ರಷ್ಟಿರುತ್ತದೆ. ವಾಹಕರೇ ಎಂಬುದನ್ನು ರಕ್ತಪರೀಕ್ಷೆಯ ಮೂಲಕ ವಿವಾಹಕ್ಕೆ ಮುಂಚಿತವಾಗಿಯೇ ತಿಳಿಯಬಹುದಾಗಿದೆ.